ನಿಂತಂತೆ ಕಂಡ ಫ್ಯಾನು

ಐಟಿಐ ಮುಗಿಸಿದ ನಾವು ಮೂವರು ಒಂದು ನೂಲಿನ ಗಿರಣಿಗೆ ಅಪ್ರೆಂಟಿಸ್ ಸೇರಿದೆವು. ಗಿರಣಿಯ ಹೆಸರು ಬೇಡ. ಸಾಮಾನು ಹೊರೋದು ನಾವು, ಗ್ರೀಸು ಹಚ್ಚೋದು ನಾವು, ಮೆಷಿನ್ನಿನ ಕೆಳಗೆ ತೂರಿ ಹತ್ತಿ ಧೂಳು ಗೋರೋದೂ ನಾವೇ. ಆದರೆ ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಸ್ಟ್ರೋಬೋಸ್ಕೋಪನ್ನು ಮುಟ್ಟೋ ಹಂಗಿರಲಿಲ್ಲ. ಪೆಟ್ಟಿಗೆ ಹೊರಬಹುದು, ವೈರು ಎಳೀಬಹುದು, ಕೈಲಿ ಹಿಡೀಬಾರದು.

ಒಂದು ರಾತ್ರಿ ಪಾಳಿಯಲ್ಲಿ ದೊಡ್ಡ ಗಾಳಿ ಫ್ಯಾನು ನಡುಗತೊಡಗಿತು. ಇಂಜಿನಿಯರು ಬಂದರು. ಫ್ಯಾನು ನಿಲ್ಲಿಸಿ, ಬೆಳಕು ಬೀಳಲಿ ಅಂತ ಮುಂದಿನ ಜಾಲರಿ ಬಿಚ್ಚಿಸಿದರು. ಒಂದು ರೆಕ್ಕೆಗೆ ಸೀಮೆಸುಣ್ಣದ ಗೆರೆ ಎಳೆಸಿದರು. ಮತ್ತೆ ಓಡಿಸಿ, ಸುತ್ತಲ ದೀಪ ಆರಿಸಿ, ಪಟಪಟ ಮಿಂಚುವ ಆ ಬೆಳಕು ಬಿಟ್ಟರು. ತಿರುಪು ತಿರುಗಿಸುತ್ತಾ ಹೋದ ಹಾಗೆ ರೆಕ್ಕೆಗಳು ನಿಧಾನವಾದವು, ತೆವಳಿದವು, ನಿಂತುಬಿಟ್ಟವು. ಗಾಳಿ ಮಾತ್ರ ಮುಖಕ್ಕೆ ಹೊಡೀತಾನೇ ಇತ್ತು.

ನಮ್ಮಲ್ಲೊಬ್ಬ ಮೈ ಮರೆತ. 'ಗೆರೆ ಸರಿಯಾಗಿ ಕಾಣ್ತಿಲ್ಲ ಸಾರ್, ಇನ್ನೊಂದ್ಸಲ ಎಳೀತೀನಿ' ಅಂತ ಕೈ ಚಾಚಿಯೇಬಿಟ್ಟ. ಹಿಂದಿದ್ದ ಹೆಲ್ಪರ್ ಅಣ್ಣ ಅವನ ಕಾಲರು ಹಿಡಿದು ಜಗ್ಗಿದ.

'ನಿಂತಿರೋದು ನಿನ್ ಕಣ್ಣು ಕಣ್ಲಾ, ಫ್ಯಾನಲ್ಲ!'

1948ರ ಫ್ಯಾಕ್ಟರಿ ಕಾಯ್ದೆಯ 21ನೇ ಕಲಮು ತಿರುಗುವ ಭಾಗಕ್ಕೆ ಭದ್ರವಾದ ತಡೆ ಬೇಕೆಂದಿತ್ತು. ಓಡುವ ಯಂತ್ರದ ಹತ್ತಿರ ಹೋಗುವವನು ತರಬೇತಾದವನಿರಬೇಕು, ಮೈಗಂಟಿದ ಬಟ್ಟೆ ತೊಟ್ಟಿರಬೇಕು ಎಂದು 22ನೇ ಕಲಮು. ನಮ್ಮ ಗೆಳೆಯ ತೊಟ್ಟಿದ್ದು ಅವನ ಅಣ್ಣನ ಹಳೇ ಷರಟು, ತೋಳು ಜೋತಾಡುತ್ತಿತ್ತು. ಕಾಯ್ದೆಯನ್ನು ನಮಗೆ ಯಾರೂ ಓದಿ ಹೇಳಿರಲಿಲ್ಲ.

ಇಂಜಿನಿಯರು ಪುಸ್ತಕದಲ್ಲಿ 720 ಸುತ್ತು ಅಂತ ಬರೆದುಕೊಂಡರು. ಮೋಟಾರಿನ ತಗಡಿನ ಮೇಲೆ 1440 ಅಂತಿತ್ತು, ಎರಡು ಕಡೆಯ ಪುಲ್ಲಿಯೂ ಒಂದೇ ಅಳತೆ. 'ಬೆಲ್ಟ್ ಸಡಿಲ ಬಿಟ್ಟಿದೀಯ, ಅರ್ಧಕ್ಕರ್ಧ ಜಾರ್ತಾ ಇದೆ' ಅಂತ ಹೆಲ್ಪರ್ ಅಣ್ಣನಿಗೆ ಮೆಮೊ ಕೊಟ್ಟರು.

'ಅಷ್ಟು ಜಾರಿದ್ರೆ ಸುಟ್ಟ ವಾಸನೆ ಬರ್ಬೇಕಲ್ವಾ ಸಾರ್' ಅಂದ ಅಣ್ಣ. ಯಾರು ಕೇಳ್ತಾರೆ?

ಆಗಿದ್ದಿಷ್ಟು. ನಿಮಿಷಕ್ಕೆ 1440 ಸುತ್ತುವ ರೆಕ್ಕೆಗೆ 1440 ಸಲ ಮಿಂಚಿದರೆ ಗೆರೆ ಪ್ರತಿಸಲ ಒಂದೇ ಜಾಗದಲ್ಲಿ ಸಿಕ್ಕುತ್ತದೆ, ನಿಂತ ಹಾಗೆ ಕಾಣುತ್ತದೆ. 720 ಸಲ ಮಿಂಚಿದರೂ ಹಾಗೇ, ನಡುವೆ ಎರಡು ಸುತ್ತು ಮುಗಿದಿರುತ್ತವೆ ಅಷ್ಟೆ. 2880ಕ್ಕೆ ಏರಿಸಿದರೆ ಎದುರುಬದುರಾಗಿ ಎರಡು ಗೆರೆ. ಒಂದೇ ಗೆರೆ ನಿಂತು ಕಾಣುವ ಅತಿ ಹೆಚ್ಚಿನ ಎಣಿಕೆಯೇ ನಿಜವಾದ ವೇಗ. ಅದಕ್ಕೇ ಮೇಲಿನಿಂದ ಇಳಿಸುತ್ತಾ ಬರಬೇಕು. ಅವರು ಕೆಳಗಿನಿಂದ ಹತ್ತಿದ್ದರು, ಮೊದಲು ನಿಂತದ್ದನ್ನೇ ಬರೆದುಕೊಂಡಿದ್ದರು.

ಮೇಷ್ಟರುಗಳು ಇದನ್ನು ಶಾಲೆಯಲ್ಲೇ ತೋರಿಸಬಹುದು. ದಪ್ಪ ರಟ್ಟನ್ನು ದುಂಡಗೆ ಕತ್ತರಿಸಿ, ಅಂಚಿಗೆ ಸಮದೂರದಲ್ಲಿ ಎಂಟು ಸೀಳು ಕೊಯ್ದು, ಪೆನ್ಸಿಲ್ಲಿಗೆ ಗುಂಡುಸೂಜಿಯಿಂದ ಸಿಕ್ಕಿಸಿ. ತಿರುಗಿಸುತ್ತಾ ಸೀಳುಗಳ ಮೂಲಕ ಸೀಲಿಂಗ್ ಫ್ಯಾನ್ ನೋಡಿ. 1832ರಲ್ಲಿ ಬೆಲ್ಜಿಯಂನ ಪ್ಲಾಟೋ ಮಾಡಿದ ತಟ್ಟೆಯೂ ಇಂಥ ಸೀಳುಗಳದ್ದೇ. ಹಾಗೇ ಮಕ್ಕಳಿಗೆ ಇನ್ನೊಂದು ಮಾತು ಹೇಳಿ: ಹಳೇ ಚೋಕಿನ ಟ್ಯೂಬ್‌ಲೈಟು 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅದೊಂದರ ಕೆಳಗೇ 1500 ಸುತ್ತುವ ಲೇತಿನ ನಾಲ್ಕು ದವಡೆಯ ಚಕ್ಕು ನಿಂತ ಹಾಗೆ ಕಾಣಬಹುದು. ಅಕ್ಕಪಕ್ಕದ ಟ್ಯೂಬುಗಳನ್ನು ಬೇರೆಬೇರೆ ಫೇಸಿಗೆ ಹಾಕುವುದು ಇದಕ್ಕೇ.

ತಿಂಗಳಾದ ಮೇಲೆ ಉಪಕರಣ ಮಾರಿದವರ ಕಡೆಯಿಂದ ಒಬ್ಬ ಹುಡುಗ ಬಂದ. ಜಾಲರಿ ಬಿಚ್ಚೋದು ಬೇಡ, ಸಂದಿಯಲ್ಲೇ ಸಾಕು ಅಂದ. ಫ್ಯಾನು ನಿಲ್ಲಿಸಿ, ಷಾಫ್ಟಿಗೆ ಹೊಳೆಯುವ ಬೆಳ್ಳಿ ಪಟ್ಟಿಯೊಂದು ಅಂಟಿಸಿ, ಎದುರಿಗೆ ಬೆಳಕಿನ ಕಣ್ಣು ಇಟ್ಟು, ಅದರ ವೈರನ್ನು ಸ್ಟ್ರೋಬಿಗೆ ಸಿಕ್ಕಿಸಿದ. ಪಟ್ಟಿ ಎದುರು ಬಂದಾಗಲೆಲ್ಲ ಒಂದು ಮಿಂಚು, ಸುತ್ತಿಗೆ ಒಂದೇ. ಈಗ ತಿರುಪಿನ ಗುಮಾನಿಯಿಲ್ಲ. ಫ್ಯಾನೇ ದೀಪಕ್ಕೆ ಹೇಳುತ್ತದೆ, ಈಗ ಮಿಂಚು ಅಂತ. ವೋಲ್ಟೇಜು ಬಿದ್ದು ವೇಗ ಕುಗ್ಗಿದರೂ ಚಿತ್ರ ಅಲುಗುವುದಿಲ್ಲ. ಎಣಿಕೆಯಲ್ಲಿ ಬಂದದ್ದು 1430. ಮಿಂಚನ್ನು ಚೂರುಚೂರೇ ತಡಮಾಡುತ್ತಾ ಅವನು ಒಂದೊಂದೇ ರೆಕ್ಕೆಯನ್ನು ನಮ್ಮ ಮುಂದೆ ತಂದು ನಿಲ್ಲಿಸಿದ. ಮೂರನೆಯದರ ಬುಡದಲ್ಲಿ, ರಿವೆಟ್ಟಿನ ಪಕ್ಕ, ಕೂದಲೆಳೆಯಷ್ಟು ಬಿರುಕು.

'ಅಲ್ಲೇ ಸದ್ದು ಬರ್ತಿದ್ದದ್ದು' ಅಂದ ಅಣ್ಣ.

ರೆಕ್ಕೆ ಬದಲಾಯಿತು. ಮೆಮೊ ಬದಲಾಗಲಿಲ್ಲ, ಫೈಲಿನಲ್ಲೇ ಉಳೀತು. ನಾವು ಮೂವರೂ ಸಹಿ ಹಾಕಿ ಅರ್ಜಿ ಕೊಟ್ಟೆವು, ಉತ್ತರ ಬರಲಿಲ್ಲ. ಸ್ಟ್ರೋಬು ಮತ್ತೆ ಬೀರು ಸೇರಿತು. ಷಾಫ್ಟಿನ ಮೇಲಿನ ಬೆಳ್ಳಿ ಪಟ್ಟಿಯನ್ನು ಮಾತ್ರ ಯಾರೂ ಕೀಳಲಿಲ್ಲ. ಫ್ಯಾನು ನಿಲ್ಲಿಸಿದಾಗಲೆಲ್ಲ ಅಣ್ಣ ಅದರ ಸುತ್ತ ಎಣ್ಣೆ ಒರೆಸುತ್ತಿದ್ದ, ಪಟ್ಟಿಗೆ ತಾಗದ ಹಾಗೆ.