ಜೀವಶಾಸ್ತ್ರದ ಕಾಯಕ

ಕಾಯಕದಲ್ಲಿ ಮೇಲುಕೀಳಿಲ್ಲವೆಂದು 12ನೆಯ ಶತಮಾನದಲ್ಲಿಯೇ ಶರಣರು ಸಾರಿದರು. ಆದರೂ ನಮ್ಮ ಮನೆಗಳಲ್ಲಿ ಜೀವಶಾಸ್ತ್ರ ಓದುವ ಮಕ್ಕಳಿಗೆ ವೈದ್ಯವೃತ್ತಿಯೊಂದೇ ಗುರಿಯೆಂಬ ಭಾವನೆ ಬೇರೂರಿದೆ. ವೈದ್ಯಕೀಯ ಸೀಟು ದೊರೆಯದಿದ್ದರೆ ಓದಿದ್ದೆಲ್ಲವೂ ವ್ಯರ್ಥವೆಂದು ತಂದೆತಾಯಿಗಳು ಕೊರಗುತ್ತಾರೆ.

ನನ್ನ ತಮ್ಮನ ಮಗಳಿಗೆ ನೀಟ್ ಪರೀಕ್ಷೆಯಲ್ಲಿ ಸಾಕಷ್ಟು ಅಂಕಗಳು ಬರಲಿಲ್ಲ. "ದೊಡ್ಡಪ್ಪಾ, ಇನ್ನು ನಾನು ಯಾವುದಕ್ಕೂ ಬಾರದವಳೇ?" ಎಂದು ಕಣ್ಣೀರು ತಂದಳು. ನಾನು ಆಕೆಗೆ 'ರಾಗಿ ಲಕ್ಷ್ಮಣಯ್ಯ'ನವರ ವಿಷಯ ತಿಳಿಸಿದೆ.

ರಾಗಿಯ ಹೂವು ಅತಿ ಸೂಕ್ಷ್ಮವಾದುದು; ತನ್ನ ಪರಾಗದಿಂದಲೇ ಕಾಳು ಕಟ್ಟುವಂಥದು. ಆದುದರಿಂದ ಎರಡು ತಳಿಗಳನ್ನು ಕೂಡಿಸುವುದು ಬಹು ಕಠಿಣ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಅಧಿಕ ಇಳುವರಿಯ 'ಇಂಡಾಫ್' ತಳಿಗಳನ್ನು ನೀಡಿದರು. ವೈದ್ಯರಾಗದೆಯೇ ಅವರು ಅಸಂಖ್ಯ ಬಡವರ ಹಸಿವೆಂಬ ರೋಗಕ್ಕೆ ಮದ್ದು ಕಂಡುಹಿಡಿದರು. ಇದಕ್ಕಿಂತ ಹಿರಿದಾದ ದಾಸೋಹವುಂಟೇ?

ಇಂತಹ ಕಾಯಕಕ್ಕೆ ದಾರಿಗಳು ದೂರವಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ, ಧಾರವಾಡದ್ದು 1986ರಲ್ಲಿ ಸ್ಥಾಪನೆಯಾದವು. ತಳಿ ಅಭಿವೃದ್ಧಿ, ಕೀಟಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಪಶುವೈದ್ಯ, ರೇಷ್ಮೆ, ಔಷಧ ಸಂಶೋಧನೆ ಎಲ್ಲವೂ ಜೀವಶಾಸ್ತ್ರದ ಕೊಂಬೆಗಳೇ.

ನಮ್ಮ ಹುಡುಗಿ ಈಗ ಧಾರವಾಡದಲ್ಲಿ ಬಿ.ಎಸ್ಸಿ. ಕೃಷಿ ಓದುತ್ತಿದ್ದಾಳೆ. ತೊಗರಿಯ ಬೇರುಗಂಟಿನಲ್ಲಿ ನೆಲೆಸಿದ ರೈಜೋಬಿಯಂ ಜೀವಿಯು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಬಗೆಯನ್ನು ಮೊನ್ನೆ ನನಗೇ ಪಾಠ ಹೇಳಿದಳು. ಒಣಭೂಮಿಯಲ್ಲಿ ಆ ಜೀವಿ ಬದುಕುಳಿಯುವುದು ಹೇಗೆಂಬುದೇ ಆಕೆಯ ಸದ್ಯದ ಚಿಂತೆ. ಬಂಧುಗಳೇ, ಮಕ್ಕಳ ಅಂಕಪಟ್ಟಿಯನ್ನು ನೋಡುವಷ್ಟೇ ಆಸ್ಥೆಯಿಂದ ಅವರ ಪ್ರಶ್ನೆಗಳನ್ನೂ ಆಲಿಸೋಣ.