ಶನಿವಾರದ ಎರಡು ಗಂಟೆ

ಮೂರು ವರ್ಷದಿಂದ ನಮ್ಮೂರಿನ ಹೈಸ್ಕೂಲಿನಲ್ಲಿ ನಾನು ಸ್ಕೌಟ್ ಮಾಸ್ಟರ್. ಸಂಬಳ ಇಲ್ಲ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಎರಡು ಗಂಟೆ ಹುಡುಗರ ಜೊತೆ ಇರಬೇಕು, ಅಷ್ಟೇ. ಆ 'ಅಷ್ಟೇ'ನೇ ಕಷ್ಟ.

ಹೊಟ್ಟೆಪಾಡಿಗೆ ನಾನು ಸುದ್ದಿ ಬರೆಯೋನು. ಅಚ್ಚಾದ ಸುದ್ದಿಗೆ ಮಾತ್ರ ದುಡ್ಡು. ಹೋದ ವರ್ಷ ತೃತೀಯ ಸೋಪಾನದ ಪರೀಕ್ಷೆಗೆ ಮೊದಲು ಮೂರು ಶನಿವಾರ ತಪ್ಪಿಸಿದೆ. ಒಂದು ಅಪಘಾತ, ಒಂದು ಮಂತ್ರಿ ಭೇಟಿ, ಒಂದು ಜಾತ್ರೆ. ಹುಡುಗರು ಹಗ್ಗ ಹಿಡಿದು ಮೈದಾನದಲ್ಲಿ ಕಾದು ಮನೆಗೆ ಹೋದರು.

ಪರೀಕ್ಷೆಯಲ್ಲಿ ನಮ್ಮ ಒಬ್ಬ ಹುಡುಗನಿಗೆ ಮುರಿದ ಕೈಗೆ ಜೋಳಿಗೆ ಕಟ್ಟೋದು ಬರಲಿಲ್ಲ. ಅದಕ್ಕೆ ಹಾಕೋ ರೀಫ್ ಗಂಟು ಚಪ್ಪಟೆಯಾಗಿ ಕೂರುತ್ತೆ, ಮೈಗೆ ಒತ್ತಲ್ಲ, ಬಿಚ್ಚೋದೂ ಸುಲಭ. ನಾನು ಹೇಳಿಕೊಟ್ಟೇ ಇರಲಿಲ್ಲ. ಅವನು ಫೇಲಾದ. ನನಗೆ ಒಂದು ಮಾತೂ ಅನ್ನಲಿಲ್ಲ.

ಅವರಪ್ಪ ಬಂದರು. "ಗಂಟು ಹಾಕೋದು ನಮ್ಮ ಕೊಟ್ಟಿಗೇಲೇ ಕಲೀತಾನೆ ಬಿಡಿ ಮೇಷ್ಟ್ರೇ, ನಿಮ್ಮನ್ನ ಯಾಕೆ ಕಾಯಬೇಕು?" ಅಂದರು. ನಿಜ. ಅವರು ಗೂಟಕ್ಕೆ ಹಸು ಕಟ್ಟೋ ಗಂಟೇ ನಮ್ಮ ಕ್ಲೋವ್ ಹಿಚ್. "ತಪ್ಪು ನಂದೇ ಯಜಮಾನ್ರೇ. ನೀವೇ ಬಂದು ಹೇಳಿಕೊಡಿ" ಅಂದೆ. ಎರಡು ಶನಿವಾರ ಬಂದರು. ಬಿತ್ತನೆ ಶುರುವಾದ ಮೇಲೆ ಬರಲಿಲ್ಲ.

ಒಂದು ದಳಕ್ಕೆ ಒಬ್ಬನೇ ದೊಡ್ಡವನು ಸಾಲದು. ನಾನಿಲ್ಲದ ದಿನ ನಿಲ್ಲೋಕೆ ಇನ್ನೊಬ್ಬರು ಬೇಕು. ಮೊದಲ ವರ್ಷವೇ ಊರಲ್ಲಿ ಕೇಳಬೇಕಿತ್ತು, ಸಂಕೋಚ ಪಟ್ಟೆ. ಈಗ ಕೇಳ್ತಿದೀನಿ. ಲೈನ್‌ಮನ್ ಆಗಲಿ, ನರ್ಸಮ್ಮ ಆಗಲಿ, ತಿಂಗಳಿಗೊಂದು ಶನಿವಾರ ಬನ್ನಿ. ಆ ಹುಡುಗ ಈ ಸಲ ಮತ್ತೆ ಪರೀಕ್ಷೆಗೆ ಕೂರ್ತಾನೆ.