ಶ್ವಾನಶಯ್ಯಾ ಪ್ರಕ್ಷಾಲನ

ಧರ್ಮರಾಯನ ಬೆನ್ನುಹತ್ತಿ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿಯ ಕಥೆಯನ್ನು ಕೇಳದವರಾರು? ಆದರೆ ಆ ದೀರ್ಘ ಪಯಣದಲ್ಲಿ ಅದು ಇರುಳು ಯಾವುದರ ಮೇಲೆ ಮಲಗುತ್ತಿತ್ತೆಂದು ಯಾರೂ ವಿಚಾರಿಸಿದಂತಿಲ್ಲ. ನಮ್ಮ ಸೀಮೆಯ ನಾಯಿಗಳ ಮಟ್ಟಿಗಂತೂ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಕುರಿ ಕಾಯುವವನ ಕಂಬಳಿಯ ಅಂಚು, ಒಲೆಯ ಬೆಚ್ಚನೆಯ ಬೂದಿ, ಕಟ್ಟೆಯ ಮಗ್ಗುಲು, ಇವೇ ಅವುಗಳ ಹಂಸತೂಲಿಕಾತಲ್ಪ. ನೆರೆಯ ಜಿಲ್ಲೆಯ ಮುಧೋಳದ ಬೇಟೆನಾಯಿ 2005ರಲ್ಲಿ ಅಂಚೆಚೀಟಿಯನ್ನೇರಿ ಕೀರ್ತಿಶಾಲಿಯಾಯಿತು. ಅದಕ್ಕೂ ಯಾರಾದರೂ ಮೆತ್ತೆ ಹಾಸಿದ ಸುದ್ದಿಯನ್ನು ನಾನು ಕೇಳಿಲ್ಲ.

ಹೀಗಿರುವಲ್ಲಿ, ಬೆಂಗಳೂರಿನಲ್ಲಿರುವ ನನ್ನ ಭಾವಮೈದುನನು ನಮ್ಮ ಮನೆಯ ನಾಯಿಗೆಂದೇ ಒಂದು ಹಾಸಿಗೆಯನ್ನು ತಂದುಕೊಟ್ಟನು. ದುಂಡನೆಯ ಆಕಾರ, ಎತ್ತರಿಸಿದ ಅಂಚು, ಮೈತುಂಬ ಮಖಮಲ್ಲಿನಂಥ ನವಿರಾದ ಎಳೆಗಳು. ನಮ್ಮ ಮೋತಿ ಕುಲೀನನೇನಲ್ಲ. ಕೊಪ್ಪಳದ ಬೀದಿಯಲ್ಲಿ ಹುಟ್ಟಿ, ನನ್ನ ಮಗಳ ಕೈತುತ್ತನ್ನುಂಡು ಹನ್ನೊಂದು ವರ್ಷ ಬಾಳಿದವನು. ಈಗ ಅವನ ಹಿಂಗಾಲುಗಳಲ್ಲಿ ಕಸುವಿಲ್ಲ. ಕಲ್ಲುಹಾಸಿನ ಮೇಲೆ ಮಲಗಿದ ದಿನ ಬೆಳಗ್ಗೆ ನರಳುತ್ತ ಏಳುತ್ತಾನೆ. ಹಾಸಿಗೆಯ ಮೇಲೆ ಮಲಗಿದ ದಿನ ಸಲೀಸಾಗಿ ಏಳುತ್ತಾನೆ.

ಆರು ತಿಂಗಳಲ್ಲಿ ಆ ಹಾಸಿಗೆ ಕೂದಲು, ಧೂಳು, ಜೊಲ್ಲುಗಳ ತ್ರಿವೇಣಿ ಸಂಗಮವಾಯಿತು. ಮಗಳು ಅದರ ಬಳಿ ಕುಳಿತೊಡನೆಯೇ ಸೀನತೊಡಗಿದಳು. ಹಾಸಿಗೆ ಶುಚಿಯಾಗಬೇಕು, ಇಲ್ಲವೇ ನಾಯಿ ಅಂಗಳಕ್ಕೆ ನಡೆಯಬೇಕು ಎಂಬಲ್ಲಿಗೆ ಮಾತು ಬಂದು ನಿಂತಿತು.

ನೀರಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಸಂಪ್ರದಾಯಗಳುಂಟು. ನನ್ನ ಶ್ರೀಮತಿ ಗಂಗಾವತಿಯ ಭತ್ತದ ಸೀಮೆಯವಳು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಹರಿಯುವ ನಾಡದು. ಅಲ್ಲಿ ಒಗೆಯುವುದೆಂದರೆ ಧಾರಾಳವಾದ ನೀರಿಗೆ ಬಟ್ಟೆಯನ್ನೊಪ್ಪಿಸುವುದು. ನನ್ನ ಅವ್ವನಾದರೋ ಕುಷ್ಟಗಿಯ ಕಡೆಯ, ಮಳೆಯನ್ನೇ ನಂಬಿದ ಹಳ್ಳಿಯವಳು. ಕೊಡಗಳನ್ನು ಎಣಿಸಿ ಸಂಸಾರ ಮಾಡಿದವಳು. “ಕುಡಿಯೂ ನೀರು ಹೊತ್ತು ನನ್ನ ನೆತ್ತಿ ಸವದೈತಿ. ನೀವು ನಾಯಿ ಹಾಸಿಗಿಗೆ ಕೊಡಗಟ್ಲೆ ಸುರೀತೀರೇನು?” ಎಂದಳು. ಈ ಪ್ರಶ್ನೆಗೆ ಎಂ.ಎ. ಪದವಿಯಲ್ಲಿ ಉತ್ತರವಿಲ್ಲ.

ಉತ್ತರ ಬಂದುದು ಯಲಬುರ್ಗಾದಿಂದ. ಅಲ್ಲಿಯ ನನ್ನ ಸೋದರತ್ತೆ ಕೌದಿ ಹೊಲಿಯುವುದರಲ್ಲಿಯೂ ಒಗೆಯುವುದರಲ್ಲಿಯೂ ಎತ್ತಿದ ಕೈ. ಆ ವಾರ ನಮ್ಮಲ್ಲಿಗೆ ಬಂದಿದ್ದ ಅವಳು, “ದಪ್ಪನ್ನ ಹಾಸಿಗಿ ಒಗಿಯಾಕ ಬೇಕಾಗೂದು ನೀರಲ್ಲ ವೈನಿ, ಸಮಾಧಾನ” ಎಂದು ಸೆರಗು ಸಿಕ್ಕಿಸಿದಳು.

ಮೊದಲು ನೀರನ್ನು ಮುಟ್ಟಗೊಡಲಿಲ್ಲ. ಕೂದಲು ಒಮ್ಮೆ ನೆನೆಯಿತೆಂದರೆ ಎಳೆಗಳೊಳಗೆ ಹೆಣೆದುಕೊಂಡುಬಿಡುತ್ತದೆ. ಆದ್ದರಿಂದ ರಬ್ಬರಿನ ಕೈಚೀಲವನ್ನು ತೊಡಿಸಿ, ಒಂದೇ ದಿಕ್ಕಿಗೆ ಸವರಿಸಿ, ಒಣಗಿದ್ದಾಗಲೇ ಕೂದಲನ್ನೆಲ್ಲ ತೆಗೆಸಿದಳು. ಬಿಚ್ಚಿದ್ದ ಹೊಲಿಗೆಗೆ ಎರಡು ಗಂಟು ಹಾಕಿದಳು. ಗವಸನ್ನು ಬೇರ್ಪಡಿಸಿ, ಅದರ ಜಿಪ್ಪನ್ನು ಮತ್ತೆ ಮುಚ್ಚಿಸಿದಳು. ತೆರೆದ ಜಿಪ್ಪಿನ ಹಲ್ಲು ನವಿರನ್ನು ಕೀಳುತ್ತದೆ.

ಕುದಿಯುವ ನೀರನ್ನು ಹಾಕೋಣವೆಂದವಳು ನನ್ನಾಕೆ. ಇಲ್ಲಿ ನಾನೂ ಒಂದು ಮಾತು ಸೇರಿಸಿದೆ. ಈ ಎಳೆ ಹತ್ತಿಯಲ್ಲ, ಉಣ್ಣೆಯಲ್ಲ, ಪಾಲಿಯೆಸ್ಟರ್. ಸುಮಾರು 70–80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಮೆತ್ತಗಾಗತೊಡಗುತ್ತದೆ. ಆಗ ಬಿದ್ದ ಸುಕ್ಕು ಆರಿದ ಮೇಲೂ ನಿಂತುಬಿಡುತ್ತದೆ. ಉಗುರುಬೆಚ್ಚನೆಯ ನೀರೇ ಸಾಕು. ಇನ್ನು ನಮ್ಮ ಕೊಳವೆ ಬಾವಿಯ ನೀರು ಗಡುಸು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಸಾಬೂನು ಬೆರೆತರೆ ಬಿಳಿಯ ಜಿಗುಟು ಹುಟ್ಟಿ ಎಳೆಗಳಿಗೆ ಮೆತ್ತುತ್ತದೆ, ನವಿರು ಒರಟಾಗುತ್ತದೆ. ಸಾಬೂನಿನ ಬದಲು ಸೌಮ್ಯವಾದ ದ್ರವ ಮಾರ್ಜಕವನ್ನು ಸ್ವಲ್ಪವೇ ಬಳಸಿದೆವು. ಮಾರ್ಜಕ ಕಡಮೆಯಾದರೆ ಜಾಲಾಡುವ ನೀರೂ ಕಡಮೆ ಎಂದು ಅವ್ವ ತಾನೇ ಕಂಡುಕೊಂಡಳು.

ಕಲ್ಲಿಗೆ ಕುಕ್ಕಲಿಲ್ಲ, ಕುಂಚದಿಂದ ತಿಕ್ಕಲಿಲ್ಲ. ದೊಡ್ಡ ಬುಟ್ಟಿಯಲ್ಲಿ ನೆನೆಸಿ, ಕೌದಿಯಂತೆ ಮೆಲ್ಲಗೆ ತುಳಿದು, ಮೂರು ಬಾರಿ ಜಾಲಾಡಿದೆವು. ಹಿಂಡಲು ಹೋದ ನನ್ನ ಕೈಯನ್ನು ಅತ್ತೆ ತಡೆದಳು. ಹಿಂಡಿದರೆ ಒಳಗಿನ ತುಂಬು ಒಂದೆಡೆ ಗಂಟುಗಟ್ಟುತ್ತದೆ. ಹಳೆಯ ಪಂಚೆಯಲ್ಲಿ ಸುತ್ತಿ ಒತ್ತಿದರೆ ನೀರನ್ನು ಪಂಚೆಯೇ ಹೀರುತ್ತದೆ. ಒಟ್ಟು ಎಂಟು ಕೊಡ. ಕೊನೆಯ ಜಾಲಾಟದ ನೀರನ್ನು ಅವ್ವ ಅಂಗಳ ತೊಳೆಯಲು ಎತ್ತಿಟ್ಟಳು.

ಒಣಗಿಸುವುದು ಇನ್ನೂ ನಾಜೂಕಿನ ಕೆಲಸ. ನಮ್ಮೂರ ಉರಿಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಹಗ್ಗದ ಹೊರಸನ್ನು ನೆರಳಿನಲ್ಲಿ, ಗಾಳಿಗೆದುರಾಗಿ ಇಟ್ಟು, ಮೇಲೆ ಹಾಸಿಗೆಯನ್ನು ಹರವಿದೆವು. ಕೆಳಗಿನಿಂದಲೂ ಗಾಳಿ ಆಡುತ್ತದೆ. ಆಗಾಗ ಮಗುಚುತ್ತ, ಒಳಗಿನ ಗಂಟುಗಳನ್ನು ಬೆರಳಿನಿಂದ ಬಿಡಿಸುತ್ತ, ಅರ್ಧ ಆರಿದಾಗ ಮೆತ್ತನೆಯ ಬ್ರಷ್ಷಿನಿಂದ ನವಿರನ್ನು ಎಬ್ಬಿಸುತ್ತ ಎರಡು ಹಗಲು ಕಳೆದೆವು. ಮೇಲೆ ಒಣಗಿದಂತೆ ತೋರಿದರೂ ಒಳಗೆ ತೇವವುಳಿದರೆ ಬೂಸರು ಹಿಡಿಯುತ್ತದೆ. ಅಂಗೈಯನ್ನು ಆಳಕ್ಕೆ ಒತ್ತಿ ಹಿಡಿದಾಗ ತಂಪು ತಟ್ಟಿದರೆ ಇನ್ನೂ ಆರಿಲ್ಲವೆಂದರ್ಥ. ಕವಿರಾಜಮಾರ್ಗವು ನಮ್ಮ ಕೊಪಣವನ್ನು ಕನ್ನಡದ ತಿರುಳಿನ ನಾಡಿಗೆ ಸೇರಿಸಿದೆ. ಅದನ್ನು ತರಗತಿಯಲ್ಲಿ ವರ್ಷವರ್ಷವೂ ಹೇಳುವ ನನಗೆ, ಹಾಸಿಗೆಯಲ್ಲಿಯೂ ತಿರುಳೇ ಮುಖ್ಯವೆಂದು ತೋರಿಸಿಕೊಟ್ಟವಳು ಅತ್ತೆ.

ಆ ಎರಡು ಇರುಳು ಮೋತಿ ಅವ್ವನ ಹರಕು ಕೌದಿಯೊಂದರ ಮೇಲೆ ಮಲಗಿದನು. ಮೂರನೆಯ ಸಂಜೆ ಹಾಸಿಗೆಯನ್ನು ಅದರ ಜಾಗದಲ್ಲಿಟ್ಟರೆ, ಮೂಸಿ ನೋಡಿ ಹಿಂದೆ ಸರಿದನು. ನಮ್ಮ ಮೂಗಿಗೆ ಶುಚಿ ಎನಿಸಿದ್ದು ಅವನ ಮೂಗಿಗೆ ಪರದೇಶ. ಮಗಳ ಮುಖ ಬಾಡಿತು. ಅವ್ವ ಏನೂ ಹೇಳದೆ ಎದ್ದು, ಆ ಹರಕು ಕೌದಿಯನ್ನೇ ಮಡಿಸಿ ಹಾಸಿಗೆಯ ನಡುವೆ ಹಾಸಿದಳು. ಮೋತಿ ಮೂರು ಸುತ್ತು ಸುತ್ತಿ, ನಿಟ್ಟುಸಿರು ಬಿಟ್ಟು, ಮೈಚೆಲ್ಲಿದನು.

“ಮಲಕೊಳ್ಳಪಾ,” ಎಂದಳು ಅವ್ವ. “ಎಂಟು ಕೊಡ ಕುಡದೈತಿ ನಿನ್ನ ಹಾಸಿಗಿ.”